ಬ್ಲೌಸ್ ವರ್ಕಿಗೆ ಎಷ್ಟು ಹೇಳೋದು? ಗಂಟೆ, ಪೀಸ್, ಬುಟ್ಟಾ, ಸ್ಟಿಚ್: ಯಾವ ಲೆಕ್ಕ ಯಾರಿಗೆ

"ಅಕ್ಕ, ಈ ಥರ ಮಾಡೋಕೆ ಎಷ್ಟಾಗುತ್ತೆ?" ಅಂತ ಫೋನಿನಲ್ಲಿ ಒಂದು ಫೋಟೋ ತೋರಿಸುತ್ತಾರೆ. ಬೆನ್ನಿನ ತುಂಬ ನವಿಲು, ತೋಳಿನ ತುಂಬ ಜರ್ದೋಸಿ. ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ರೇಷ್ಮೆ ಬ್ಲೌಸ್ ಪೀಸ್ ಇದೆ, ಉತ್ತರ ಈಗಲೇ ಬೇಕು. ನಾವು ಬಾಯಿಗೆ ಬಂದ ಒಂದು ಮೊತ್ತ ಹೇಳಿಬಿಡುತ್ತೇವೆ. ಆಮೇಲೆ ವಾರಗಟ್ಟಲೆ ರಾತ್ರಿ ಹನ್ನೊಂದರವರೆಗೆ ಕೂತು ಆ ಮೊತ್ತಕ್ಕೇ ದುಡಿಯುತ್ತೇವೆ.

ಮನೆಯಲ್ಲೇ ಆರಿ ವರ್ಕ್ (ಫ್ರೇಮಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯ ಕೆಲಸ), ಕಸೂತಿ, ಮಷೀನ್ ಎಂಬ್ರಾಯ್ಡರಿ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೊಲಿಗೆಯ ಬಗ್ಗೆ ಇರುವುದು ಕಡಿಮೆ. ರೇಟ್ ಬಗ್ಗೆಯೇ ಜಾಸ್ತಿ. ಗಂಟೆ ಲೆಕ್ಕ ಹಾಕಲಾ, ಪೀಸ್ ರೇಟ್ ಇಡಲಾ, ಬುಟ್ಟಾಕ್ಕೆ ಇಷ್ಟು ಅಂತ ಹೇಳಲಾ? ಇಲ್ಲಾ ಬೂಟಿಕ್‌ನವರು ಕೊಟ್ಟಷ್ಟು ತಗೊಂಡು ಸುಮ್ನೆ ಇರಲಾ? ದಾವಣಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಆರಿ ಫ್ರೇಮ್ ಇಟ್ಟುಕೊಂಡಿದ್ದೇನೆ. ಇವೆಲ್ಲವನ್ನೂ ಒಂದೊಂದು ಸಲ ಮಾಡಿ ನೋಡಿದ್ದೇನೆ. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಮನೆಯೊಳಗೆ ಲೆಕ್ಕ ಗಂಟೆಯಲ್ಲೇ ಆಗಬೇಕು, ಗಿರಾಕಿಗೆ ಹೇಳುವ ಲೆಕ್ಕ ಮಾತ್ರ ಬೇರೆ ಬೇರೆ ಇರಬಹುದು. ಯಾವ ಗಿರಾಕಿಗೆ ಯಾವ ಲೆಕ್ಕ ಒಗ್ಗುತ್ತದೆ ಅನ್ನುವುದನ್ನೇ ಮುಂದೆ ಬಿಡಿಸಿ ಹೇಳುತ್ತೇನೆ.

ಏನು ನೋಡಿ ಆರಿಸಬೇಕು

ಯಾವ ಲೆಕ್ಕವನ್ನಾದರೂ ನಾನು ನಾಲ್ಕು ಪ್ರಶ್ನೆ ಕೇಳಿ ಅಳೆಯುತ್ತೇನೆ.

ನಾನು ಕೂತ ಪ್ರತಿ ಗಂಟೆಗೂ ದುಡ್ಡು ಬರುತ್ತದಾ? ಇದು ಮೊದಲನೆಯದು, ದೊಡ್ಡದೂ ಇದೇ.

ಗಿರಾಕಿಗೆ ಬಾಗಿಲಲ್ಲೇ, ಬಟ್ಟೆ ಕೈಗೆ ಕೊಡುವ ಮೊದಲೇ ಅರ್ಥವಾಗುತ್ತದಾ? ಕೊನೆಗೆ ಎಷ್ಟಾಗುತ್ತದೋ ಅನ್ನುವ ಭಯ ಇಟ್ಟುಕೊಂಡು ಯಾರೂ ಮದುವೆ ಬ್ಲೌಸ್ ಕೊಡುವುದಿಲ್ಲ.

ನಡುವೆ ಡಿಸೈನ್ ಬದಲಾದರೆ ಆ ಹೊರೆ ಯಾರ ಮೇಲೆ? "ಇಲ್ಲೊಂದು ಸಾಲು ಮುತ್ತು ಹಾಕಿಬಿಡಿ ಅಕ್ಕ" ಅನ್ನುವ ಮಾತಿಗೆ ಆ ಲೆಕ್ಕದಲ್ಲಿ ಜಾಗ ಇದೆಯಾ?

ಚೌಕಾಸಿ ಬಂದಾಗ ರೇಟ್ ಮುಟ್ಟದೆ ಕೆಲಸವನ್ನು ಇಳಿಸಲು ಆಗುತ್ತದಾ? ಗಿರಾಕಿಯ ಕೈಯಲ್ಲಿ ಎರಡು ಸಾವಿರವೇ ಇದ್ದರೆ ಎರಡು ಸಾವಿರದ ಕೆಲಸವನ್ನು ಚೆನ್ನಾಗಿ ಮಾಡಿಕೊಡಬೇಕು. ಮೂರು ಸಾವಿರದ ಕೆಲಸವನ್ನು ಎರಡಕ್ಕೆ ಮಾಡಲು ಹೋದರೆ ನಮ್ಮ ಕೈ ತಾನಾಗಿಯೇ ಅವಸರ ಮಾಡುತ್ತದೆ. ಹೊಲಿಗೆ ಸಡಿಲವಾಗುತ್ತದೆ, ಮೊದಲ ಒಗೆತಕ್ಕೇ ಮುತ್ತು ಉದುರುತ್ತದೆ.

ಮೊದಲು ನಿಮ್ಮ ಗಂಟೆಯ ಬೆಲೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನನ್ನ ಫ್ರೇಮಿನ ಕಾಲಿಗೆ ದಾರದಲ್ಲಿ ಒಂದು ಸಣ್ಣ ನೋಟ್‌ಬುಕ್ ಕಟ್ಟಿದ್ದೇನೆ, ಜೊತೆಗೆ ಒಂದು ಪೆನ್ಸಿಲ್. ಕೂತಾಗ ಟೈಮ್ ಬರೆಯುತ್ತೇನೆ, ಎದ್ದಾಗ ಬರೆಯುತ್ತೇನೆ. ಹಾಲು ಉಕ್ಕಿತು ಅಂತ ಎದ್ದರೂ ಬರೆಯುತ್ತೇನೆ. ಮೊದಲ ತಿಂಗಳು ಬೇಜಾರಾಗುತ್ತದೆ. ಆದರೆ ಒಂದು ಬ್ಲೌಸಿಗೆ ಏಳೆಂಟು ಗಂಟೆ ಸಾಕು ಅಂದುಕೊಂಡಿದ್ದ ನನಗೆ ಅದು ಹದಿಮೂರು ಹಿಡಿಯುತ್ತದೆ ಅಂತ ಹೇಳಿಕೊಟ್ಟದ್ದು ಆ ಪುಸ್ತಕವೇ.

ಲೆಕ್ಕ ಹೀಗೆ ಹಾಕಿ. ತಿಂಗಳಿಗೆ ಕೈಗೆ 15,000 ರೂಪಾಯಿ ಉಳಿಯಬೇಕು ಅಂತ ಇಟ್ಟುಕೊಳ್ಳೋಣ. ಅದರ ಮೇಲೆ ಖರ್ಚು: ಕರೆಂಟು, ಸೂಜಿ, ಟ್ರೇಸಿಂಗ್ ಪೇಪರ್, ಫೋನ್ ರೀಚಾರ್ಜ್, ಮಾರ್ಕೆಟ್ಟಿಗೆ ಬಸ್ಸು ಆಟೋ, ರಿಪೇರಿಗೆ ಅಂತ ಎತ್ತಿಡುವುದು, ಎಲ್ಲ ಸೇರಿ 2,000. ಒಟ್ಟು 17,000 ಬರಬೇಕು. ದಿನಕ್ಕೆ 6 ಗಂಟೆಯಂತೆ 24 ದಿನ ಕೂತರೆ 144 ಗಂಟೆ. ಭಾಗಿಸಿದರೆ ಗಂಟೆಗೆ 118 ರೂಪಾಯಿ.

ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸೋರುವುದು ಇಲ್ಲೇ. ಆ 144 ಗಂಟೆಯಲ್ಲಿ ಬಟ್ಟೆಯ ಮೇಲೆ ಕೈ ಇರುವುದು ಎಷ್ಟು? ಗಿರಾಕಿ ಜೊತೆ ಅರ್ಧ ಗಂಟೆ ಮಾತು. ಸೀರೆ ಅಂಚಿನ ಬಣ್ಣಕ್ಕೆ ಸಿಲ್ಕ್ ಥ್ರೆಡ್ ಹೊಂದಿಸಲು ಮೂರು ಅಂಗಡಿ. ವಾಟ್ಸಾಪಿನಲ್ಲಿ ಇಪ್ಪತ್ತು ಫೋಟೋ ಕಳಿಸಿ, ಅದರಲ್ಲಿ ಹತ್ತೊಂಬತ್ತು ಬೇಡ ಅನ್ನಿಸಿಕೊಳ್ಳುವುದು. ನನ್ನ ಪುಸ್ತಕದ ಪ್ರಕಾರ ಬಟ್ಟೆಯ ಮೇಲಿನ ಗಂಟೆ ಸುಮಾರು ನೂರು. 17,000 ಭಾಗಿಸು 100, ಅಂದರೆ ಗಂಟೆಗೆ 170. ನಡುವಿನ 52 ರೂಪಾಯಿ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು ಅಂತ ನನಗೆ ಆ ದಿನ ಗೊತ್ತಾಯಿತು.

ಈಗ ಒಂದು ಬ್ಲೌಸ್ ತಗೊಳ್ಳಿ. ಬ್ಯಾಕ್ ನೆಕ್ ಸುತ್ತ ಮೂರು ಸಾಲು, ಎರಡು ತೋಳಿಗೆ ಬಾರ್ಡರ್ ಮತ್ತು ಸಣ್ಣ ಬುಟ್ಟಾ. ಟ್ರೇಸಿಂಗ್ ಮಾಡಿ ಫ್ರೇಮಿಗೆ ಕಟ್ಟಲು ಒಂದೂವರೆ ಗಂಟೆ, ಬೆನ್ನಿಗೆ 5, ತೋಳುಗಳಿಗೆ 6, ದಾರ ಕತ್ತರಿಸಿ ಹಿಂಬದಿ ನೋಡಿ ಮುಗಿಸಲು ಅರ್ಧ. ಒಟ್ಟು 13 ಗಂಟೆ, 2,210 ರೂಪಾಯಿ. ಜರಿ, ಶುಗರ್ ಬೀಡ್ಸ್, ಕುಂದನ್, ದಾರ ಸೇರಿ ಸಾಮಾನು 340. ಅದರ ಮೇಲೆ ನೂರಕ್ಕೆ ಹತ್ತು ಹಾಕಿ, ಯಾಕೆಂದರೆ ಬೀಡ್ಸ್ ಚೆಲ್ಲುತ್ತವೆ, ಜರಿ ತುಂಡಾಗುತ್ತದೆ: 374. ಒಟ್ಟು 2,584. ಇದು ನನ್ನ ನೆಲ, ಅಂದರೆ ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನಾನು 2,600 ಅನ್ನುತ್ತೇನೆ.

"ಏನಕ್ಕಾ, ಇಷ್ಟೊಂದು ಹೇಳ್ತೀರಾ? ಹಿಂದಿನ ಬೀದೀಲಿ ಸಾವಿರದ ಎಂಟುನೂರಕ್ಕೆ ಮಾಡ್ತಾರಲ್ಲ" ಅನ್ನುತ್ತಾರೆ. ಸರಿ, 1,800ಕ್ಕೆ ಮಾಡಿದೆ ಅಂದುಕೊಳ್ಳಿ. ಸಾಮಾನು ಕಳೆದರೆ 1,426, ಗಂಟೆಗೆ ಸುಮಾರು 110. ತಿಂಗಳಿಡೀ ಇದೇ ರೇಟಲ್ಲಿ ದುಡಿದರೆ ಖರ್ಚು ಕಳೆದು ಉಳಿಯುವುದು 9,000. ಅದೇ ಬೆನ್ನುನೋವು, ಅದೇ ಕಣ್ಣುರಿ, ಆರು ಸಾವಿರ ಕಡಿಮೆ. ಹಿಂದಿನ ಬೀದಿಯವರ ಕೈ ಬೇರೆ, ಅವರ ಸಾಮಾನು ಬೇರೆ, ಮನೆಯ ಅಗತ್ಯ ಬೇರೆ. ಅವರ ರೇಟ್ ಅವರಿಗೆ ಸರಿ ಇರಬಹುದು. ನಿಮ್ಮ ನೆಲ ಯಾವುದು ಅಂತ ಅವರಿಂದ ತಿಳಿಯುವುದಿಲ್ಲ.

ಗಂಟೆ ಲೆಕ್ಕವನ್ನೇ ಗಿರಾಕಿಗೆ ಹೇಳಿದರೆ?

ಮೊದಲ ಪ್ರಶ್ನೆಗೆ ಇದರಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ. ಎಷ್ಟು ಕೂತೆವೋ ಅಷ್ಟು ದುಡ್ಡು. ಎರಡನೇ ಪ್ರಶ್ನೆಯಲ್ಲಿ ಬಿದ್ದುಹೋಗುತ್ತದೆ. "ಗಂಟೆಗೆ 170" ಅಂದ ಕೂಡಲೇ "ನೀವು ಎಷ್ಟು ಗಂಟೆ ಕೂತಿರಿ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅನ್ನುತ್ತಾರೆ. ಅವರು ಕೇಳುವುದು ತಪ್ಪಲ್ಲ. ಇನ್ನೊಂದು ಅನ್ಯಾಯವೂ ಇದೆ. ನಿಮ್ಮ ಕೈ ಪಳಗಿ 13 ಗಂಟೆಯ ಕೆಲಸ 10ಕ್ಕೆ ಇಳಿದರೆ ದುಡ್ಡೂ ಇಳಿಯುತ್ತದೆ. ಚೆನ್ನಾಗಿ ಕಲಿತದ್ದಕ್ಕೆ ದಂಡ ಕಟ್ಟಿದ ಹಾಗೆ.

ಎರಡು ಕಡೆ ಮಾತ್ರ ನಾನು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಒಂದು, ಹಳೆಯ ಸೀರೆಯ ರಿಪೇರಿ. ಅಜ್ಜಿಯ ಸೀರೆಯ ಜರಿ ಬಿಚ್ಚಿ ಹೊಸ ಬಟ್ಟೆಗೆ ಕೂರಿಸುವ ಕೆಲಸ ಎಷ್ಟು ಹಿಡಿಯುತ್ತದೆ ಅಂತ ಬಿಚ್ಚುವವರೆಗೆ ಯಾರಿಗೂ ತಿಳಿಯುವುದಿಲ್ಲ. ಎರಡು, ಡಿಸೈನ್ ಇನ್ನೂ ಗಟ್ಟಿಯಾಗಿಲ್ಲದ, ಕೂತು ಮಾತಾಡುತ್ತಲೇ ಮಾಡುವ ಕೆಲಸ. ಅಲ್ಲೂ "ಇಷ್ಟರ ಮೇಲೆ ಹೋಗುವ ಮುಂಚೆ ನಿಮ್ಮನ್ನು ಕೇಳುತ್ತೇನೆ" ಅಂತ ಒಂದು ಮಿತಿ ಹಾಕಿಕೊಡಿ.

ಪೀಸ್ ರೇಟ್: ಸಿಂಪಲ್, ಮೀಡಿಯಂ, ಗ್ರ್ಯಾಂಡ್

ನಮ್ಮ ಊರುಗಳಲ್ಲಿ ಜಾಸ್ತಿ ನಡೆಯುವುದು ಇದೇ. ಗಿರಾಕಿಗೆ ತಕ್ಷಣ ತಿಳಿಯುತ್ತದೆ. ಕೈ ಪಳಗಿದಷ್ಟೂ ಲಾಭ ನಿಮ್ಮದೇ. ಒಂದೇ ಮೊತ್ತ, ಒಂದೇ ಮಾತು.

ತೊಂದರೆ ಇರುವುದು ಆ ಮೂರು ಹೆಸರುಗಳಲ್ಲಿ. ನಿಮ್ಮ "ಮೀಡಿಯಂ" ಅವರ ಕಣ್ಣಿಗೆ "ಗ್ರ್ಯಾಂಡ್". ಫೋಟೋ ತೋರಿಸಿ ಒಪ್ಪಿಸಿದರೂ ಫೋಟೋದಲ್ಲಿ ಮುತ್ತು ಎಷ್ಟು ಒತ್ತಾಗಿದೆ ಅಂತ ಕಾಣುವುದಿಲ್ಲ. ನಾನು ಮಾಡಿರುವುದು ಇಷ್ಟು: ಅಂಗೈ ಅಗಲದ ಮೂರು ಬಟ್ಟೆ ತುಂಡು. ಮೂರರಲ್ಲೂ ಅದೇ ಮಾವಿನಕಾಯಿ. ಮೊದಲನೆಯದು ಬರೀ ಚೈನ್ ಸ್ಟಿಚ್. ಎರಡನೆಯದರಲ್ಲಿ ಒಳಗೆ ದಾರ ತುಂಬಿ, ಸುತ್ತ ಒಂದು ಸಾಲು ಬೀಡ್ಸ್. ಮೂರನೆಯದರಲ್ಲಿ ಜರ್ದೋಸಿ, ಕುಂದನ್, ಸಂದಿಯಲ್ಲೆಲ್ಲ ಫ್ರೆಂಚ್ ನಾಟ್. ಪ್ರತಿ ತುಂಡಿನ ಹಿಂದೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿದ್ದೇನೆ: 20, 45, 110. ಮೂರನ್ನೂ ಗಿರಾಕಿಯ ಕೈಗೆ ಕೊಡುತ್ತೇನೆ. ಬೆರಳಾಡಿಸಿ ನೋಡುತ್ತಾರೆ, ಹಿಂದೆ ತಿರುಗಿಸುತ್ತಾರೆ, ನಿಮಿಷ ಓದುತ್ತಾರೆ. ಆಮೇಲೆ ಚೌಕಾಸಿ ಅರ್ಧಕ್ಕರ್ಧ ಕಡಿಮೆ. ಒಬ್ಬರು ಮಧ್ಯದ ತುಂಡನ್ನು ತುಂಬ ಹೊತ್ತು ಹಿಡಿದುಕೊಂಡು, "ಬೆನ್ನಿಗೆ ಇದು ಸಾಕು, ತೋಳಿಗೆ ಈ ಮೊದಲನೇದು ಹಾಕಿ" ಅಂದರು. ನಾನು ಏನೂ ಹೇಳಬೇಕಾಗಲೇ ಇಲ್ಲ.

ನಡುವೆ ಬದಲಾದರೆ ಪೀಸ್ ರೇಟ್ ಕೈಕೊಡುತ್ತದೆ. ಅದಕ್ಕೇ ಚೀಟಿ ಬೇಕು. ಎಲ್ಲೆಲ್ಲಿ ಕೆಲಸ, ಯಾವ ತುಂಡಿನ ಥರ, ಯಾವ ಬಣ್ಣ, ಯಾವ ದಿನ, ಎಷ್ಟು ಮೊತ್ತ, ಎಷ್ಟು ಅಡ್ವಾನ್ಸ್. ಕೊನೆಯ ಸಾಲು: "ಮೇಲೆ ಬರೆದದ್ದಕ್ಕಿಂತ ಹೆಚ್ಚಿಗೆ ಮಾಡಿಸಿದರೆ ಬೇರೆ ದುಡ್ಡು." ಅದರ ಫೋಟೋ ತೆಗೆದು ಅವರಿಗೂ ಕಳಿಸಿ. ಸಂಬಂಧಿಕರಿಗೆ ಮುಖ್ಯವಾಗಿ ಕಳಿಸಿ. ಅತ್ತಿಗೆ, ಚಿಕ್ಕಮ್ಮ ಅಂದಾಗಲೇ ಲೆಕ್ಕ ಬಾಯಿಮಾತಲ್ಲಿ ಉಳಿದು ಮನಸ್ತಾಪ ಆಗುವುದು.

ಬುಟ್ಟಾ ಲೆಕ್ಕ: ಬಜೆಟ್ ಬಿಗಿ ಇರುವವರಿಗೆ

ಸೀರೆ, ದುಪಟ್ಟಾ, ಕೈಕಸೂತಿ, ಇವಕ್ಕೆ ನಾನು ಮೆಚ್ಚುವುದು ಇದನ್ನೇ. ಧಾರವಾಡದಲ್ಲಿರುವ ನನ್ನ ನಾದಿನಿ ಕಸೂತಿ ಹಾಕುತ್ತಾಳೆ. ಅವಳ ಕೈಗೆ ಒಂದು ಮಧ್ಯಮ ಅಳತೆಯ ಗೋಪುರದ ಚಿತ್ತಾರಕ್ಕೆ ಎರಡೂವರೆ ಗಂಟೆ ಬೇಕು. ಗಂಟೆಗೆ 170ರಂತೆ ಹಿಡಿದರೆ ಗೋಪುರಕ್ಕೆ 425. ಸೆರಗಿಗೆ 20 ಗೋಪುರ ಅಂದರೆ 8,500, ದಾರ ಬೇರೆ. "ಅಷ್ಟಾಗಲ್ಲಕ್ಕ" ಅಂದರೆ 12 ಗೋಪುರ ಹಾಕೋಣ, 5,100 ಆಗುತ್ತದೆ. ರೇಟ್ ಅಲ್ಲೇ ಇರುತ್ತದೆ, ಗಿರಾಕಿಯೂ ತನಗೆ ಎಷ್ಟು ಬೇಕೋ ಅಷ್ಟನ್ನು ತಾನೇ ಎಣಿಸಿಕೊಳ್ಳುತ್ತಾಳೆ. ನಾಲ್ಕನೇ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ.

ಕಸೂತಿ ಹಾಕುವವರು ಒಂದು ವಿಷಯದಲ್ಲಿ ಮೋಸ ಹೋಗಬಾರದು. ಇಂಚಿನ ಲೆಕ್ಕಕ್ಕೆ ಒಪ್ಪಬೇಡಿ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಸಂದು ಬಿಟ್ಟು ಮುಂದೆ ಹೋಗುತ್ತದೆ, ಇನ್ನೊಂದು ಸಲ ಆ ಸಂದುಗಳನ್ನು ತುಂಬುತ್ತ ಹಿಂದೆ ಬರುತ್ತದೆ. ಒಂದಿಂಚು ಗೆರೆ ಅಂದರೆ ಎರಡಿಂಚು ದಾರಿ. ಮುರ್ಗಿಯದ್ದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಅದೇ ಥರದ ಹೊಲಿಗೆ. ನೇಗಿ ಉದ್ದುದ್ದ ಹೊಲಿಗೆಯಲ್ಲಿ ನೇಯ್ದ ಹಾಗೆ ತುಂಬುತ್ತದೆ. ಮೆಂತಿ ಅಡ್ಡಡ್ಡ ಹೊಲಿಗೆ. ನಾಲ್ಕಕ್ಕೂ ಹಿಡಿಯುವ ಹೊತ್ತು ಬೇರೆ ಬೇರೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ಎಣಿಕೆ ಒಂದು ತಪ್ಪಿದರೂ ಬಿಚ್ಚಬೇಕು. ಇಳಕಲ್ ಸೀರೆಯಲ್ಲಿ ಎಳೆ ಚೆನ್ನಾಗಿ ಕಂಡರೆ ಕೈ ಓಡುತ್ತದೆ. ನುಣುಪಾದ ರೇಷ್ಮೆಯಲ್ಲಿ ಅದೇ ಗೋಪುರಕ್ಕೆ ಇನ್ನೂ ಒಂದು ಗಂಟೆ ಬೇಕಾಗಬಹುದು. ಹಾಗಾಗಿ ಬಟ್ಟೆಗೊಂದು ರೇಟ್ ಇರಲಿ.

ಧಾರವಾಡ ಕಡೆಯ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಅದು ಹೆಸರಿಗೆ ಸಿಕ್ಕಿರುವ ರಕ್ಷಣೆ, ನಿಮ್ಮ ರೇಟನ್ನು ಅದು ತಾನಾಗಿ ಏರಿಸುವುದಿಲ್ಲ. ಏರಿಸುವುದು ಬಟ್ಟೆಯ ಹಿಂಬದಿ. ನನ್ನ ನಾದಿನಿ ಗಿರಾಕಿ ಮುಂದೆ ಮೊದಲು ಬಟ್ಟೆ ತಿರುಗಿಸುತ್ತಾಳೆ. ಒಂದು ಗಂಟಿಲ್ಲ, ಒಂದು ದಾರ ನೇತಾಡುವುದಿಲ್ಲ, ಗವಂತಿಯ ಗೋಪುರ ಹಿಂದೆಯೂ ಮುಂದಿನಷ್ಟೇ ಸ್ಪಷ್ಟ. ಆಮೇಲೆ ಮಷೀನಿನಲ್ಲಿ ಮಾಡಿದ ಅದೇ ಡಿಸೈನಿನ ಹಿಂಬದಿ ತೋರಿಸುತ್ತಾಳೆ. ರೇಟ್ ಹೇಳುವುದು ಇವೆರಡರ ನಂತರ.

ಆರಿ ವರ್ಕಿನವರು ಬುಟ್ಟಾ ಲೆಕ್ಕದಲ್ಲಿ ಮರೆಯುವುದು ಫ್ರೇಮ್ ಬದಲಿಸುವ ಹೊತ್ತು. ಬ್ಲೌಸ್ ಆದರೆ ಒಂದು ಸಲ ಕಟ್ಟಿದರೆ ಮುಗಿಯಿತು. ಸೀರೆಗೆ ಹಾಗಲ್ಲ. ಒಂದು ಭಾಗ ಮುಗಿದ ಮೇಲೆ ಬಿಚ್ಚಿ, ಸುತ್ತಿ, ಮತ್ತೆ ಎಳೆದು ಕಟ್ಟಬೇಕು. ಪ್ರತಿ ಸಲ ಕಾಲು ಗಂಟೆಯಾದರೂ ಹೋಗುತ್ತದೆ. ಒಂದು ಬುಟ್ಟಾಕ್ಕೆ 20 ನಿಮಿಷ, 60 ರೂಪಾಯಿ ಅಂದುಕೊಂಡು ಇಡೀ ಸೀರೆಗೆ ಚದುರಿದ ಬುಟ್ಟಾ ಒಪ್ಪಿಕೊಂಡರೆ ಹೊಲಿದದ್ದಕ್ಕಿಂತ ಕಟ್ಟಿ ಬಿಚ್ಚಿದ್ದೇ ಜಾಸ್ತಿ ಅನ್ನಿಸುತ್ತದೆ. ಚದುರಿದ ಬುಟ್ಟಾಗಳಿಗೆ "ಫ್ರೇಮ್ ಕಟ್ಟುವುದಕ್ಕೆ ಇಷ್ಟು" ಅಂತ ಒಂದು ಮೊತ್ತ ಬೇರೆ ಸೇರಿಸಿ.

ಮಷೀನ್ ಇದ್ದರೆ: ಸ್ಟಿಚ್ ಲೆಕ್ಕ

ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಸಾವಿರ ಸ್ಟಿಚ್ಚಿಗೆ ಇಷ್ಟು ಅನ್ನುವುದು ರೂಢಿ. ಡಿಸೈನಿನಲ್ಲಿ ಎಷ್ಟು ಸ್ಟಿಚ್ ಇದೆ ಅಂತ ಸಾಫ್ಟ್‌ವೇರೇ ತೋರಿಸುತ್ತದೆ, ವಾದಕ್ಕೆ ಜಾಗ ಇಲ್ಲ. ಆದರೆ ಒಂದೆರಡು ಪೀಸಿಗೆ ಈ ಲೆಕ್ಕ ನಷ್ಟ.

ಉದಾಹರಣೆಗೆ 6,000 ಸ್ಟಿಚ್ಚಿನ ಒಂದು ಲೋಗೋ. ಮಷೀನ್ ನಿಮಿಷಕ್ಕೆ 600 ಸ್ಟಿಚ್ ಹಾಕಿದರೆ ಓಡುವುದು 10 ನಿಮಿಷ. ಪ್ರತಿ ಬಟ್ಟೆಗೂ ಹೂಪ್ (ಬಟ್ಟೆ ಬಿಗಿಯುವ ಚೌಕಟ್ಟು) ಹಾಕಿ ತೆಗೆಯಲು 3 ನಿಮಿಷ. ಶುರುವಿನಲ್ಲಿ ದಾರ ಹೊಂದಿಸಿ, ಅಳತೆ ನೋಡಿ, ಬೇರೆ ಬಟ್ಟೆಯ ಮೇಲೆ ಒಂದು ಸಲ ಓಡಿಸಿ ನೋಡಲು 20. ಲೆಕ್ಕ ಸುಲಭವಾಗಲಿ ಅಂತ ಸಾವಿರಕ್ಕೆ 10 ರೂಪಾಯಿ ಇಟ್ಟುಕೊಂಡರೆ ಒಂದು ಪೀಸಿಗೆ 60 ರೂಪಾಯಿ. ಒಂದೇ ಶರ್ಟಾದರೆ 33 ನಿಮಿಷಕ್ಕೆ 60, ಅಂದರೆ ಗಂಟೆಗೆ 110 ಕೂಡ ಸಿಗುವುದಿಲ್ಲ. ಅದೇ 50 ಯೂನಿಫಾರ್ಮ್ ಆದರೆ 670 ನಿಮಿಷಕ್ಕೆ 3,000, ಗಂಟೆಗೆ ಸುಮಾರು 270. ಮಷೀನಿನ ಕಂತು, ದಾರ, ಹಿಂದೆ ಇಡುವ ಪೇಪರ್, ಎಲ್ಲ ಇದರಲ್ಲೇ ಹೋಗಬೇಕು.

ನನ್ನ ಸಲಹೆ: ಐದಾರು ಪೀಸಿನವರೆಗೆ ಸ್ಟಿಚ್ ಮಾತೇ ಎತ್ತಬೇಡಿ. "ಒಂದು ಹೆಸರಿಗೆ ಕನಿಷ್ಠ ಇಷ್ಟು" ಅಂತ ಪೀಸ್ ರೇಟ್ ಹೇಳಿ. ಅದಕ್ಕಿಂತ ಹೆಚ್ಚು ಪೀಸ್ ಇದ್ದರೆ ಸ್ಟಿಚ್ ಲೆಕ್ಕ ಮಾಡಿ. ಡಿಜಿಟೈಸಿಂಗ್ (ಡಿಸೈನನ್ನು ಮಷೀನ್ ಓದುವ ಫೈಲ್ ಮಾಡುವುದು) ದುಡ್ಡನ್ನು ಯಾವಾಗಲೂ ಬೇರೆ ಬರೆಯಿರಿ, ಒಂದೇ ಸಲ ಹಾಕಿ, ಮುಂದಿನ ಆರ್ಡರಿಗೆ ಬೇಡ ಅಂತಲೂ ಹೇಳಿ. ಆ ಒಂದು ಮಾತಿಗೇ ಜನ ತಿರುಗಿ ಬರುತ್ತಾರೆ. ಹನ್ನೆರಡು, ಇಪ್ಪತ್ತು ತಲೆಯ (ಒಟ್ಟಿಗೇ ಅಷ್ಟು ಪೀಸ್ ಹೊಲಿಯುವ) ಮಷೀನ್ ಇಟ್ಟವರ ಜೊತೆ ಒಂದೇ ತಲೆಯ ಮಷೀನ್ ಇಟ್ಟುಕೊಂಡು 500 ಪೀಸಿನ ರೇಟಿಗೆ ಪೈಪೋಟಿ ಮಾಡಲು ಹೋಗಬೇಡಿ. ಮಗುವಿನ ಹೆಸರು, ಮದುವೆಯ ದಿನಾಂಕ, ನಾಲ್ಕು ಗೆಳೆಯರ ಟೀ ಶರ್ಟ್, ಇಂಥ ಸಣ್ಣ ಆರ್ಡರುಗಳು ಅವರಿಗೆ ಬೇಡ. ಅವೇ ನಿಮ್ಮದು.

ಬೂಟಿಕ್‌ಗೆ ಜಾಬ್ ವರ್ಕ್

ಬೂಟಿಕ್‌ನವರು ಕೊಡುವುದು ಕಡಿಮೆ ಅಂತ ಎಲ್ಲರೂ ಬೈಯುತ್ತಾರೆ. ಲೆಕ್ಕ ಹಾಕಿ ನೋಡಿ, ಯಾವಾಗಲೂ ಹಾಗಿರುವುದಿಲ್ಲ. ಮೇಲೆ ಹೇಳಿದ ಬ್ಲೌಸಿಗೇ ಬೂಟಿಕ್ 1,700 ಕೊಡುತ್ತದೆ, ಸಾಮಾನು ಅವರದ್ದೇ ಅಂದುಕೊಳ್ಳಿ. ಒಂದೇ ಥರದ್ದು ಐದಾರು ಬರುವುದರಿಂದ ಕೈ ಓಡುತ್ತದೆ, 12 ಗಂಟೆ ಸಾಕು. ಗಂಟೆಗೆ 141 ಬಂತು. ನನ್ನ 170ಕ್ಕಿಂತ ಕಡಿಮೆ, ಅಲ್ವಾ? ಆದರೆ ಇಲ್ಲಿ ಗಿರಾಕಿ ಮಾತಿಲ್ಲ, ಅಂಗಡಿ ಸುತ್ತುವುದಿಲ್ಲ, ಫೋಟೋ ಕಳಿಸುವುದಿಲ್ಲ. 144 ಗಂಟೆಯಲ್ಲಿ 125 ಗಂಟೆ ಬಟ್ಟೆಯ ಮೇಲೇ ಇರುತ್ತದೆ. 17,000 ಭಾಗಿಸು 125 ಅಂದರೆ 136. ಬೂಟಿಕ್ ಕೆಲಸಕ್ಕೆ ನನ್ನ ನೆಲವೇ ಬೇರೆ. 141 ಬಂದರೆ ಗೆದ್ದೆ, 120 ಅಂದರೆ ಬೇಡ ಅನ್ನುತ್ತೇನೆ.

ಕಷ್ಟ ಇರುವುದು ದುಡ್ಡು ಬರುವ ದಿನದಲ್ಲಿ. ಒಂದು ಸಲ ನನ್ನ ಒಂಬತ್ತು ಬ್ಲೌಸಿನ ದುಡ್ಡು ನಾಲ್ಕು ತಿಂಗಳು ನಿಂತಿತ್ತು. ಮೂರನೇ ತಿಂಗಳಲ್ಲಿ ಮಗಳ ಫೀಸಿಗೆ ಸಾಲ ಮಾಡಿದ್ದು ಇನ್ನೂ ನೆನಪಿದೆ. ಈಗ ನನ್ನ ನಿಯಮ ಒಂದೇ: ಹಿಂದಿನ ಕಟ್ಟಿನ ದುಡ್ಡು ಬಂದ ಮೇಲೆ ಮುಂದಿನ ಕಟ್ಟು ತಗೊಳ್ಳುವುದು. ತಿಂಗಳ ದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಬೂಟಿಕ್‌ನವರ ಕೈಯಲ್ಲಿ ಇರದ ಹಾಗೆ ನೋಡಿಕೊಳ್ಳಿ. ಇನ್ನೊಂದು ಬೆಲೆಯೂ ಇದೆ. ನಿಮ್ಮ ಕೆಲಸಕ್ಕೆ ಅಲ್ಲಿ ಅವರ ಹೆಸರು. ಅದನ್ನು ಉಟ್ಟವರಿಗೆ ನೀವು ಯಾರು ಅಂತ ಗೊತ್ತೇ ಆಗುವುದಿಲ್ಲ.

ಮದುವೆ ಪ್ಯಾಕೇಜ್

ಐದು ಬ್ಲೌಸ್, ಹೊಲಿಗೆ, ವರ್ಕ್, ಸೀರೆ ಕುಚ್ಚು, ಫಾಲ್ ಜಿಗ್‌ಜಾಗ್, ಎಲ್ಲ ಒಂದೇ ಮೊತ್ತ. ಗಿರಾಕಿಗೆ ಓಡಾಟ ತಪ್ಪುತ್ತದೆ, ನಿಮಗೆ ದೊಡ್ಡ ಅಡ್ವಾನ್ಸ್ ಬರುತ್ತದೆ. ಸ್ವಲ್ಪ ಕಡಿಮೆ ಮಾಡಿಕೊಡಲು ನಿಜವಾದ ಕಾರಣವೂ ಇದೆ: ಐದು ಸಲ ನಡೆಯುವ ಮಾತು ಒಂದೇ ಸಲ ಮುಗಿಯುತ್ತದೆ, ಮಾರ್ಕೆಟ್ಟಿಗೂ ಒಂದೇ ಸಲ. ಉಳಿದ ಆ ಗಂಟೆಗಳಷ್ಟನ್ನು ಮಾತ್ರ ಬಿಟ್ಟುಕೊಡಿ. ಬ್ಲೌಸಿಗೆ ಎರಡು ಗಂಟೆಯ ಓಡಾಟ ಉಳಿದರೆ ಮುನ್ನೂರು ರೂಪಾಯಿ ಬಿಡಬಹುದು, ಎಂಟುನೂರು ಬಿಡಲು ಬರುವುದಿಲ್ಲ.

ಅಪಾಯ ಬೇರೆಯವರ ಕೈಯಲ್ಲಿದೆ. ಹೊಲಿಗೆ ಬೇರೆ ಟೈಲರದ್ದು, ಕುಚ್ಚು ಇನ್ನೊಬ್ಬರದ್ದು, ಫಿಟ್ಟಿಂಗ್ ಕೆಟ್ಟರೆ ಮಾತು ಕೇಳುವವರು ನೀವು. ವರ್ಕ್ ಆದ ಮೇಲೆ ತೋಳು ಬಿಗಿಯಾದರೆ ಬಿಚ್ಚಿ ಸಡಿಲ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು. ನಂಬುವಂಥ ಟೈಲರ್ ಜೊತೆಗಿಲ್ಲದಿದ್ದರೆ ಪ್ಯಾಕೇಜ್ ಬೇಡ. ವರ್ಕಿಗೆ ಮಾತ್ರ ನಿಮ್ಮ ಹೊಣೆ ಅಂತ ಚೀಟಿಯಲ್ಲಿ ಬರೆಯಿರಿ.

ಹೊಣೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಒಮ್ಮೆ ಟಿಶ್ಯೂ ರೇಷ್ಮೆಯ ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯಿಂದ ಟ್ರೇಸ್ ಮಾಡಿದೆ. ವರ್ಕ್ ಮುಗಿದರೂ ಕಲೆ ಹೋಗಲಿಲ್ಲ. ಹೊಸ ಪೀಸ್ ನಾನೇ ತಂದುಕೊಟ್ಟೆ, ಇಡೀ ವರ್ಕನ್ನು ಎರಡನೇ ಸಲ ಮಾಡಿದೆ. ಅವತ್ತಿನಿಂದ ಅಂಚಿನಲ್ಲಿ ಹೊಲಿಗೆಯೊಳಗೆ ಹೋಗುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಒಂದು ರಾತ್ರಿ ಕಾದು ನೋಡುತ್ತೇನೆ. ಪ್ರತಿ ಬ್ಲೌಸಿನಿಂದ 50 ರೂಪಾಯಿ ಒಂದು ಡಬ್ಬಿಗೆ ಹಾಕುತ್ತೇನೆ. ಇಂಥ ದಿನಕ್ಕೆ ಅಂತಲೇ ಇಟ್ಟ ಡಬ್ಬಿ ಅದು. ಆ ಐವತ್ತೂ ನಿಮ್ಮ ರೇಟಿನ ಒಳಗೆ ಸೇರಿರಬೇಕು.

ಯಾರಿಗೆ ಯಾವುದು

ಈಗ ತಾನೇ ಕಲಿತವರು, ಮನೆಯಲ್ಲಿ ಬೇರೆ ಸಂಪಾದನೆ ಇರುವವರು: ಪೀಸ್ ರೇಟ್ ಇಡಿ. ನಿಮ್ಮ ಕೈ ನಿಧಾನ ಇರುವುದರಿಂದ 13 ಗಂಟೆಯ ಕೆಲಸ 20 ಹಿಡಿಯಬಹುದು. ಆ ಹೆಚ್ಚಿನ ಏಳು ಗಂಟೆಯನ್ನು ಗಿರಾಕಿಯ ಮೇಲೆ ಹಾಕಬೇಡಿ, ಅದು ನಿಮ್ಮ ಕಲಿಕೆಯ ಖರ್ಚು. ಪಳಗಿದವರು ಎಷ್ಟು ಹೊತ್ತಿಗೆ ಮುಗಿಸುತ್ತಾರೋ ಆ ಗಂಟೆಗೆ ರೇಟ್ ಹಾಕಿ. ಆದರೆ ಸಾಮಾನಿನ ದುಡ್ಡನ್ನು ಮಾತ್ರ ಎಂದೂ ಬಿಡಬೇಡಿ. "ಕಲಿಯುತ್ತಿದ್ದೀನಿ" ಅಂತ 500ಕ್ಕೆ ಮಾಡಿಕೊಟ್ಟರೆ ಅದೇ ನಿಮ್ಮ ರೇಟ್ ಅಂತ ಊರಿಗೆಲ್ಲ ಹರಡುತ್ತದೆ. ಅದರ ಮೇಲೆ, ಇದನ್ನೇ ನಂಬಿ ಮನೆ ನಡೆಸುತ್ತಿರುವ ಇನ್ನೊಬ್ಬಳ ರೇಟನ್ನೂ ಅದು ಕೆಳಗೆ ಎಳೆಯುತ್ತದೆ. ನನಗೆ ಇದು ತುಂಬ ನೋವು ಕೊಡುವ ವಿಷಯ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮನೆ ನಡೆಯುವುದೇ ಇದರಿಂದ ಅಂದರೆ: ಅರ್ಧ ಬೂಟಿಕ್, ಅರ್ಧ ನಿಮ್ಮದೇ ಗಿರಾಕಿ. ಬೂಟಿಕ್ ಅಕ್ಕಿ ಬೇಳೆಗೆ, ನಿಮ್ಮ ಗಿರಾಕಿ ಮುಂದಿನ ದಿನಗಳಿಗೆ. ಆಷಾಢದಲ್ಲಿ ಮದುವೆಗಳಿಲ್ಲ, ಬೂಟಿಕ್ ಪಾಲನ್ನು ಜಾಸ್ತಿ ಮಾಡಿಕೊಳ್ಳಿ. 2026ರಂಥ ವರ್ಷದಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠವೂ ಬರುತ್ತದೆ. ಅಂಥ ವರ್ಷ ಪಂಚಾಂಗ ನೋಡಿಕೊಂಡೇ ತಿಂಗಳ ಲೆಕ್ಕ ಮಾಡಿ, ವರ್ಷದ ಖರ್ಚನ್ನು ಹತ್ತು ತಿಂಗಳ ದುಡಿಮೆಗೆ ಹಂಚಿ. ಶ್ರಾವಣ ಬಂತು, ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕೇ ದಿನ ಇದೆ, "ಹೇಗಾದರೂ ಮಾಡಿಕೊಡಿ" ಅಂದರೆ ಅರ್ಜೆಂಟ್ ದುಡ್ಡು ಕೇಳಲು ಸಂಕೋಚ ಬೇಡ. ನಾನು ಕಾಲು ಭಾಗ ಜಾಸ್ತಿ ತಗೊಳ್ಳುತ್ತೇನೆ, ಯಾಕೆಂದರೆ ಆ ನಾಲ್ಕು ರಾತ್ರಿ ನಿದ್ದೆ ಇರುವುದಿಲ್ಲ. ಸೀಸನ್ ಇಲ್ಲದಾಗ ರೇಟ್ ಇಳಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಇಳಿಸಿದ್ದನ್ನು ಮತ್ತೆ ಏರಿಸುವುದು ಬಹಳ ಕಷ್ಟ. ಆ ದಿನಗಳಲ್ಲಿ ಸ್ಯಾಂಪಲ್ ತುಂಡು ಮಾಡಿ.

ಇಬ್ಬರು ಮೂವರನ್ನು ಕೂರಿಸಿಕೊಂಡು ಕೆಲಸ ಮಾಡಿಸುವವರು: ಅವರಿಗೆ ಕೊಡುವ ಕೂಲಿ, ನೀವು ಟ್ರೇಸಿಂಗ್ ಮಾಡಿ, ತಪ್ಪು ತಿದ್ದಿ, ಗಿರಾಕಿಗೆ ಉತ್ತರ ಕೊಡುವ ಹೊತ್ತು, ಎರಡನ್ನೂ ಸೇರಿಸಿ ನೆಲ ಕಟ್ಟಿ. ನಿಮಗೆ ಪ್ಯಾಕೇಜ್ ಒಗ್ಗುತ್ತದೆ. ಮಷೀನಿಗೆ ಸಾಲ ಮಾಡಿದವರು ಕಂತನ್ನು ಮಷೀನ್ ನಿಜಕ್ಕೂ ಓಡುವ ಗಂಟೆಗಳಿಗೆ ಭಾಗಿಸಿ. ಅಂಗಡಿ ತೆರೆದಿರುವ ಗಂಟೆಗಳಿಗೆ ಭಾಗಿಸಿದರೆ ಕಂತು ಹಗುರ ಅನ್ನಿಸಿ ಮೋಸ ಮಾಡುತ್ತದೆ.

ಜಿಎಸ್‌ಟಿ ಬಗ್ಗೆ ಸುಮಾರು ಜನ ಹೆದರುತ್ತಾರೆ. ವರ್ಕ್ ಮಾಡಿಕೊಡುವಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಮ್ಮಂಥವರಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ಆ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ.

ಹಳೆಯ ಗಿರಾಕಿಗೆ ಹೊಸ ರೇಟ್ ಹೇಗೆ ಹೇಳುವುದು ಅನ್ನುವುದೇ ಕೊನೆಗೆ ಎಲ್ಲರ ಸಂಕಟ. ನಾನು ವರ್ಷಕ್ಕೊಂದೇ ಸಲ, ಯುಗಾದಿಗೆ ಬದಲಿಸುತ್ತೇನೆ. ಹದಿನೈದು ದಿನ ಮೊದಲೇ ಎಲ್ಲರಿಗೂ ಮೆಸೇಜ್ ಹೋಗುತ್ತದೆ: "ಹಬ್ಬದಿಂದ ಮೀಡಿಯಂ ವರ್ಕ್ 2,600 ಆಗುತ್ತೆ. ಅದಕ್ಕೆ ಮೊದಲು ಬಟ್ಟೆ ಕೊಟ್ಟವರಿಗೆ ಹಳೇ ರೇಟ್." ಹೋದ ಸಲ ಹಾಗೆ ಕಳಿಸಿದ ಮಾರನೇ ದಿನ ಏಳು ಜನ ಬಟ್ಟೆ ತಂದುಕೊಟ್ಟರು. ಇಬ್ಬರು ಬೇರೆ ಕಡೆ ಹೋದರು. ಅವರಲ್ಲಿ ಒಬ್ಬರು ದೀಪಾವಳಿಗೆ ತಿರುಗಿ ಬಂದು, ಮೂರು ತುಂಡುಗಳಲ್ಲಿ ಮಧ್ಯದ್ದನ್ನು ಎತ್ತಿ ನನ್ನ ಕೈಗಿಟ್ಟರು.